ಕುಳಿತುಕೊಳ್ಳಲಾಗದ ಬಾಣಂತಿ

ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಪೂರ್ಣಿಮಾಳಿಗೆ ಆರು ತಿಂಗಳು ತುಂಬಿದಾಗ ಬಸ್ಸಿಗೆ ಬಸ್ಸೇ ಎದ್ದು ಜಾಗ ಬಿಡುತ್ತಿತ್ತು. "ಕುಂದರ್ರಿ ಅಕ್ಕಾರ, ಹೊಟ್ಟೀಲೆ ಅದೀರಿ" ಎಂದರೆ ಅವಳು "ಇರ್ಲಿ ಬಿಡ್ರಿ" ಎಂದು ನಿಂತೇ ಟಿಕೆಟ್ ಕೊಡುವಳು. ಎಂಥ ಗಟ್ಟಿಗಿತ್ತಿ ಎಂದು ಜನ ಹೊಗಳಿದರು. ಗಟ್ಟಿತನ ಏನೂ ಇರಲಿಲ್ಲ, ಮೂಲವ್ಯಾಧಿ ಇತ್ತು. ಕೂತರೆ ಜೀವ ಹೋದಂತಾಗುತ್ತಿತ್ತು. ಬೆಳಗಾವಿ ಹಿಂದವಾಡಿಯ ಡಾಕ್ಟರು ತಿಂಗಳಿಗೊಮ್ಮೆ "ಮತ್ತೇನರ ತ್ರಾಸ ಐತೇನು?" ಎಂದು ಕೇಳುತ್ತಿದ್ದರು. ಪಕ್ಕದಲ್ಲಿ ಗಂಡ ಶಿವಲಿಂಗ ನಿಂತಿರುತ್ತಿದ್ದ. ಚಿಲ್ಲರೆಗಾಗಿ ಇಡೀ ಬಸ್ಸಿನ ಜೊತೆ ಜಗಳಕ್ಕಿಳಿಯುವ ಅವಳ ಬಾಯಿ ಅಲ್ಲಿ ಮಾತ್ರ ಕಟ್ಟಿಹೋಗುತ್ತಿತ್ತು.

ಹೆರಿಗೆಯಾದ ಮೇಲೆ ಖಾನಾಪುರದ ತವರಿಗೆ ಬಂದಳು. ಅವಳ ತಾಯಿ ಗೌರವ್ವನ ಬಾಣಂತನವೆಂದರೆ ಓಣಿಯಲ್ಲೆಲ್ಲ ಹೆಸರು. ಹೊರಸಿನ ಕೆಳಗೆ ಕೆಂಡದ ಶೆಗಡಿ, ತಾಟಿನಲ್ಲಿ ಅನ್ನ, ಮೆಣಸಿನ ಸಾರು, ಮೇಲೆ ಅಂಟಿನುಂಡಿ. ನೀರು ಮಾತ್ರ ದಿನಕ್ಕೆ ಎರಡೇ ಲೋಟ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬುದು ಗೌರವ್ವನ ಕಾನೂನು. ವಾರದೊಳಗೆ ಪೂರ್ಣಿಮಾಳಿಗೆ ಸಂಡಾಸದ ಬಾಗಿಲು ಕಂಡರೇ ಹೆದರಿಕೆಯಾಗತೊಡಗಿತು. ರಕ್ತವೂ ಬಿತ್ತು. ಹಾಲೂಡಿಸಲು ಕೂತರೆ ಐದು ನಿಮಿಷ ತಡೆದುಕೊಳ್ಳುವಳು, ಆಮೇಲೆ ಕೂಸನ್ನು ಎದೆಯಿಂದ ಬಿಡಿಸಿ ಮಲಗಿಸುವಳು. ಕೂಸು ಚೀರುತ್ತಿತ್ತು.

"ಹಾಲು ಸಾಲವಲ್ದು" ಎಂದು ತೀರ್ಮಾನಿಸಿದ ಗೌರವ್ವ ಉಂಡಿಯನ್ನು ಎರಡರಿಂದ ನಾಲ್ಕಕ್ಕೆ ಏರಿಸಿದಳು. ಉಂಡಿ ಏರಿದಷ್ಟೂ ಮಗಳು ಕೂರುವ ಹೊತ್ತು ಇಳಿಯಿತು. ಇಪ್ಪತ್ತನೇ ದಿನ ಪುಡಿಹಾಲಿನ ಡಬ್ಬಿ ಮನೆಗೆ ಬಂತು. ತನ್ನ ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿರುವಾಗ ಕೂಸು ಬಾಟಲಿ ಚೀಪುವುದನ್ನು ನೋಡಲಾಗದೆ ಪೂರ್ಣಿಮಾ ಗೋಡೆಗೆ ಮುಖಮಾಡಿ ಅತ್ತಳು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು.

ಮರುದಿನ ನರ್ಸ್ ರಾಜಮತಿ ಕೂಸಿನ ತೂಕ ನೋಡಲು ಬಂದರು. ತೂಕ ಏರಿರಲಿಲ್ಲ.

"ನನ್ನ ಮುಂದ ಒಮ್ಮೆ ಕುಡಿಸ್ರಿ ನೋಡೂಣು" ಎಂದರು. ಪೂರ್ಣಿಮಾ ಒಂದೇ ಮಗ್ಗುಲಿಗೆ ಭಾರ ಹಾಕಿ ಕೂತಳು. ಅವರು ಸ್ವಲ್ಪ ಹೊತ್ತು ನೋಡಿ, "ತೊಂದ್ರಿ ಹಾಲಿಂದಲ್ಲ. ನಿಮಗ ಕುಂದರಾಕ ಆಗವಲ್ದು, ಹೌದಲ್ರಿ?" ಎಂದರು.

ಪೂರ್ಣಿಮಾ ತಾಯಿಯ ಕಡೆ ನೋಡಿದಳು, ಆಮೇಲೆ ಕೂಸಿನ ಕಡೆ. "ಮೂಲವ್ಯಾಧಿ ಆಗೇತ್ರಿ. ಆರನೇ ತಿಂಗಳಿಂದ. ಈಗ ರಕ್ತಾನೂ ಬೀಳತೈತಿ."

ರಾಜಮತಿಗೆ ಅದು ನೆಗಡಿಯಷ್ಟೇ ಮಾಮೂಲು. "ಬಸುರಿದ್ದಾಗ ಭಾಳ ಮಂದಿಗೆ ಆಗತೈತಿ. ರಕ್ತ ಬಿದ್ದೈತಿ ಅಂದ್ರ ನಾಳೇನ ದವಾಖಾನಿಗೆ ಬರ್ರಿ, ಡಾಕ್ಟರ್ ನೋಡಿ ಮುಲಾಮು ಕೊಡ್ತಾರ. ದಿನಾ ಟಬ್ಬಿನ್ಯಾಗ ಬೆಚ್ಚಗಿನ ನೀರು ಹಾಕ್ಕೊಂಡು ಹತ್ತು ನಿಮಿಷ ಕುಂದರ್ರಿ. ಮೆಂತ್ಯೆ, ಪಾಲಕ ಅಂಥಾ ತಪ್ಪಲ ಪಲ್ಯ ತಿನ್ರಿ. ನೀರು ಎಷ್ಟು ಕುಡಿತೀರಿ?"

ಪೂರ್ಣಿಮಾ ಎರಡು ಬೆರಳು ತೋರಿಸಿದಳು. "ನಮ್ಮ ಕಾಲದಾಗ..." ಎಂದು ಶುರುಮಾಡಿದ ಗೌರವ್ವ, ಮಗಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದಿಟ್ಟಳು.

ರಾಜಮತಿ ಪೂರ್ಣಿಮಾಳನ್ನು ಮಗ್ಗುಲಾಗಿ ಮಲಗಿಸಿ, ಕೂಸನ್ನು ಎದೆಗೆ ಹೊಂದಿಸಿಕೊಟ್ಟರು. ಕೂಸು ಅರ್ಧ ತಾಸು ಬಿಡದೆ ಕುಡಿದು ಹಾಗೆಯೇ ನಿದ್ದೆಹೋಯಿತು. ಕೂಸಿನ ಹೊಟ್ಟೆ ತುಂಬಿತೆಂದು ಪೂರ್ಣಿಮಾಳಿಗೆ ಸಂತೋಷ, ಮಲಗಿಯೂ ಕುಡಿಸಬಹುದು ಎಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಸಂಕಟ, ಎರಡೂ ಒಟ್ಟಿಗೆ ಆದವು.

ಗೌರವ್ವ ನರ್ಸಿನ ಹಿಂದೆ ಬಾಗಿಲ ತನಕ ಹೋದಳು. ದನಿ ತಗ್ಗಿಸಿ, "ಸಿಸ್ಟರ್, ಆ ಮುಲಾಮು ವಯಸ್ಸಾದವ್ರಿಗೂ ನಡೀತೈತೇನ್ರಿ?" ಎಂದು ಕೇಳಿದಳು.

"ಯಾರಿಗ್ರಿ?"

"ನನಗ್ರಿ. ಈಕಿ ಹುಟ್ಟಿದಾಗಿಂದ ಐತಿ."