ಸೋಮಮ್ಮ ಬಾವಿಗಿಳಿದ ಬೇಸಿಗೆ

ಬಿಳಿಕೆರೆಯಲ್ಲಿ ಬಸ್ಸಿಳಿದು ಮಣ್ಣು ರಸ್ತೆ ಹಿಡಿದು ಬಂದರೆ ನಮ್ಮೂರಿನ ಮೊದಲ ಸಾಲಿನಲ್ಲೇ ಸೋಮಮ್ಮನ ಮನೆ. ಅವಳ ಅತ್ತೆ ಚೆಲುವಮ್ಮನ ಕಾಲದ ನಾಡಹೆಂಚು ಕೋತಿಗಳ ಹಾವಳಿಗೆ ಪುಡಿಯಾಗಿ, ತೊಂಬತ್ತೈದರ ಸುಮಾರಿಗೆ ಗಂಡ ಕನಕರಾಜು ಸಿಮೆಂಟ್ ಶೀಟು ಹೊದಿಸಿದ. ಮಳೆಗಾಲಕ್ಕೆ ನೆಮ್ಮದಿಯಾಯಿತು. ಆದರೆ ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಮಧ್ಯಾಹ್ನ ಆ ಮನೆಯೊಳಗೆ ಕೂರುವುದೆಂದರೆ ಉರಿಯುವ ಒಲೆಗೆ ಬೆನ್ನು ಕೊಟ್ಟು ಕೂತ ಹಾಗೆ.

ಸೋಮಮ್ಮ ಆ ಶೀಟಿನ ಮೇಲೆ ಹಠ ತೊಟ್ಟವಳಂತೆ ದುಡಿಯುತ್ತಿದ್ದಳು. ಯುಗಾದಿಗೆ ಮೊದಲೇ ತೋಟಗಳಲ್ಲಿ ಬಿದ್ದ ತೆಂಗಿನ ಗರಿ ಹೊತ್ತು ತಂದು ಮಾಡಿನ ಮೇಲೆ ಎರಡು ವರಸೆ ಹಾಸುವಳು. ಕಿಟಕಿಗೆ ಗೋಣಿತಾಟು ಕಟ್ಟಿ ಆಗಾಗ ನೀರು ಚಿಮುಕಿಸುವಳು. ನೆಲಕ್ಕೆ ದಿನ ಬಿಟ್ಟು ದಿನ ಸಗಣಿ ಸಾರಿಸುವಳು. ಮೂಲೆಯಲ್ಲಿ ಮರಳು ಹರವಿ ಅದರ ಮೇಲೆ ಮಣ್ಣಿನ ಗಡಿಗೆ ಇಟ್ಟು, ಮಕ್ಕಳು ಕೇಳುವ ಮೊದಲೇ ಮಜ್ಜಿಗೆಯೋ ಬೆಲ್ಲದ ಪಾನಕವೋ ಕಲಸಿ ಕೊಡುವಳು. ಬಿಸಿಲಲ್ಲಿ ಬಂದವರು ಜಗಲಿಯಲ್ಲಿ ಕೂತು, “ಹೆಂಚಿನ ಮನೆಗಿಂತ ತಣ್ಣಗದೆ ಕಣವ್ವ” ಅಂತ ಹೊಗಳಿ ಹೋಗುತ್ತಿದ್ದರು.

ಇಷ್ಟೆಲ್ಲ ಯಾಕೆ ಮಾಡುತ್ತಾಳೆ ಎಂಬುದು ಹೊಗಳಿದವರಿಗೆ ಗೊತ್ತಿರಲಿಲ್ಲ. ಮನೆ ತಂಪಾಗಿದ್ದರೆ ಮಕ್ಕಳು ನೀರು ಹುಡುಕಿಕೊಂಡು ಹೋಗುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಎಂಟನೇ ಕ್ಲಾಸಿನ ರಾಧಾ, ಮೂರನೇ ಕ್ಲಾಸಿನ ಶಶಿ, ಇಬ್ಬರಿಗೂ ಕೆರೆಯ ಏರಿ ಹತ್ತುವ ಅಪ್ಪಣೆ ಇರಲಿಲ್ಲ.

ಸೋಮಮ್ಮನ ತವರು ಕೆ.ಆರ್. ನಗರದ ಕಡೆ, ಕಾವೇರಿ ದಡದ ಊರು. ಅವಳಿಗೆ ಹದಿನಾರು ವರ್ಷವಿದ್ದಾಗ ಒಂದು ಬೇಸಿಗೆಯಲ್ಲಿ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ಅಣ್ಣ ಮೂರ್ತಿ ಗೆಳೆಯರ ಜೊತೆ ಬೆಳಗಿನಿಂದ ಅಲ್ಲೇ ಈಜುತ್ತಿದ್ದ. ಗೆಳೆಯರು ಮಾವಿನಕಾಯಿ ಕೀಳಲು ದಡದಾಚೆ ಹೋದರು. ಇನ್ನೊಂದು ಸಲ ಮುಳುಗು ಹಾಕಿ ಬರುತ್ತೇನೆಂದು ಅವನು ಹಿಂದೆ ಉಳಿದ. ಮರಳು ತೆಗೆದು ಬಿಟ್ಟಿದ್ದ ಗುಂಡಿಯಲ್ಲಿ ಅವನ ಕಾಲು ಸಿಕ್ಕಿತೋ ಸುಳಿ ಎಳೆಯಿತೋ ಯಾರಿಗೂ ತಿಳಿಯಲಿಲ್ಲ. ಸೋಮಮ್ಮ ಕಂಡದ್ದು ಅವನ ಕೈ ಮಾತ್ರ. ಒಗೆಯುತ್ತಿದ್ದ ಸೀರೆಯನ್ನೇ ಅವನತ್ತ ಬೀಸಿದಳು. ಅದು ಅರ್ಧಕ್ಕೇ ಬಿತ್ತು. ಮತ್ತೆ ಎಳೆದು ಬೀಸಿದಳು. ಮೊಣಕಾಲು ಮುಳುಗುವಲ್ಲಿಗೆ ಹೋಗಿ ನಿಂತಳು. ಅಲ್ಲಿಂದ ಮುಂದೆ ಹೆಜ್ಜೆ ಏಳಲಿಲ್ಲ.

ಎರಡು ವರ್ಷದ ಮೇಲೆ ಮದುವೆಯ ಮಾತು ಬಂದಾಗ ಅವಳು ಕೇಳಿದ್ದು ಒಂದೇ: “ಆ ಊರಲ್ಲಿ ಹೊಳೆ ಐತಾ?” ಇಲ್ಲ ಅಂದರು. ಒಪ್ಪಿಕೊಂಡಳು. ಅಣ್ಣ ನೀರಲ್ಲಿ ಹೋದ ಸಂಗತಿ ಗಂಡನಿಗೆ ಗೊತ್ತಿತ್ತು. ತಾನು ದಡದಲ್ಲಿ ನಿಂತಿದ್ದೆ ಎಂಬುದನ್ನು ಅವಳು ಅವನಿಗೂ ಹೇಳಿರಲಿಲ್ಲ.

ತೊಂಬತ್ತೆಂಟರ ಬೇಸಿಗೆ ಬಲು ಕೆಟ್ಟದಾಗಿ ಕಾಯಿತು. ಗರಿ, ಗೋಣಿತಾಟು ಯಾವುದಕ್ಕೂ ಮನೆ ತಣ್ಣಗಾಗಲಿಲ್ಲ. ಶಶಿಯ ಬೆನ್ನಿನ ತುಂಬ ಬೆವರುಸಾಲೆ. ಒಂದು ಸಂಜೆ ರಾಧಾಳ ತಲೆ ಬಾಚುವಾಗ ಜಡೆಯ ಬುಡ ಒದ್ದೆಯಾಗಿರುವುದು ಸೋಮಮ್ಮನ ಕೈಗೆ ತಗುಲಿತು.

“ಎಲ್ಲಿಗೋಗಿದ್ದೆ?”

ರಾಧಾ ಸುಳ್ಳು ಹೇಳಲಿಲ್ಲ. “ವೀರಭದ್ರಸ್ವಾಮಪ್ಪೋರ ತೋಟದ ಬಾವಿಗೆ. ದೊಡ್ಡತಾಯವ್ವ ಈಜು ಹೇಳ್ಕೊಡ್ತದೆ. ನಾನೊಬ್ಳೆ ಅಲ್ಲ, ನಾಕು ಜನ ಹುಡ್ಗೀರು ಹೋಯ್ತೀವಿ.”

ಸೋಮಮ್ಮ ಮಗಳ ಮೇಲೆ ಅವತ್ತಿನವರೆಗೆ ಕೈ ಮಾಡಿದವಳಲ್ಲ. ಅವತ್ತು ಪೊರಕೆಯ ಹಿಡಿಯಿಂದ ಹೊಡೆದಳು. ಅತ್ತೆ ಚೆಲುವಮ್ಮ ಅಡ್ಡ ಬಂದು ಬಿಡಿಸಬೇಕಾಯಿತು. ಅಷ್ಟಕ್ಕೂ ಸಿಟ್ಟು ಇಳಿಯದೆ, ಸೀದಾ ದೊಡ್ಡತಾಯಮ್ಮನ ಮನೆಗೆ ಹೋದಳು.

ದೊಡ್ಡತಾಯಮ್ಮ ಹೆಗ್ಗಡದೇವನಕೋಟೆ ಕಡೆಯ ಮುದುಕಿ. ಅವಳಪ್ಪ ಕಬಿನಿಯಲ್ಲಿ ಹರಿಗೋಲು ಹಾಕುತ್ತಿದ್ದ. ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು ಮುಳುಗಿದ ಮೇಲೆ ಅವಳು ಮಗಳ ಮನೆ ಸೇರಿಕೊಂಡು ನಮ್ಮೂರಿನವಳೇ ಆಗಿದ್ದಳು. ಸೋಮಮ್ಮ ಹೋದಾಗ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು.

“ನನ್ ಮಗಳ್ನ ಬಾವಿಗಿಳ್ಸಕೆ ನೀನ್ಯಾರು?”

ಮುದುಕಿ ಮೊರ ಕೆಳಗಿಟ್ಟಳು. “ಕೈಕಾಲು ಚೆನ್ನಾಗಿ ಆಡುಸ್ತಾಳೆ ಕಣವ್ವ ನಿನ್ ಮಗ್ಳು. ಬೇಕಾದ್ರೆ ಬಂದು ನೋಡು.”

“ಏನಾದ್ರೂ ಆದ್ರೆ ನೀನು ತಂದ್ಕೊಟ್ಟೀಯಾ?”

ದೊಡ್ಡತಾಯಮ್ಮ ಮತ್ತೆ ಮೊರ ಕೈಗೆತ್ತಿಕೊಂಡಳು. ಸೋಮಮ್ಮ ಇನ್ನೂ ಒಂದಷ್ಟು ಬಾಯಿಗೆ ಬಂದದ್ದನ್ನು ಅಂದು ಮನೆಗೆ ಬಂದಳು. ಅವತ್ತಿನಿಂದ ರಾಧಾ ಅವಳ ಜೊತೆ ಮಾತು ಬಿಟ್ಟಳು. ಬೇಯುವ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವಳು. ಪಾನಕದ ಲೋಟ ಕೊಟ್ಟರೆ ಪಕ್ಕಕ್ಕೆ ಸರಿಸುವಳು.

ಕನಕರಾಜು ಬಿಳಿಕೆರೆಯ ಅಂಗಡಿಯೊಂದರ ಲಗೇಜ್ ಟೆಂಪೊ ಓಡಿಸುತ್ತಿದ್ದ. ಮನೆಯ ಬಿಗುವು ನೋಡಲಾರದೆ ಒಂದು ಭಾನುವಾರ ಮಾಲೀಕನನ್ನು ಕೇಳಿ ಟೆಂಪೊ ತಂದ. ಅಕ್ಕಪಕ್ಕದ ಎರಡು ಮನೆಯವರನ್ನೂ ಹತ್ತಿಸಿಕೊಂಡು ಚುಂಚನಕಟ್ಟೆಗೆ ಹೊರಡುವುದೆಂದಾಯಿತು.

“ಬೇಸ್ಗೆಲಿ ಅಲ್ಲಿ ನೀರೇ ಕಮ್ಮಿ ಕಣಮ್ಮಿ. ಮಂಡಿ ಮುಳುಗಾದೂ ಕಷ್ಟ. ಮಕ್ಳು ಒಂದು ದಿನ ನಗಲಿ ಬುಡು.”

“ನಾನೂ ಬತ್ತೀನಿ. ಮಕ್ಳು ನನ್ ಪಕ್ಕದಲ್ಲೇ ಇರ್ಬೇಕು, ಅಷ್ಟೆ,” ಅಂದಳು ಸೋಮಮ್ಮ.

ರಾಮನ ಗುಡಿಯಲ್ಲಿ ಕೈಮುಗಿದು ಎಲ್ಲರೂ ನೀರಿನ ಕಡೆ ಇಳಿದರು. ಧುಮುಕುವ ನೀರು ಬಂಡೆಗಳ ನಡುವೆ ನಾಲ್ಕಾರು ಎಳೆಯಾಗಿ ಇಳಿಯುತ್ತಿತ್ತು. ಕೆಳಗೆ, ಆಳವಿಲ್ಲದ ಕಡೆ, ಹೆಂಗಸರು ಮಕ್ಕಳೆಲ್ಲ ಸೀರೆ ಲಂಗ ನೆನೆಸಿಕೊಂಡು ಕೂತಿದ್ದರು. ಸೋಮಮ್ಮ ಒಂದು ಬಂಡೆಯ ಮೇಲೆ ಕೂತು ಶಶಿಯ ಮಣಿಕಟ್ಟು ಹಿಡಿದುಕೊಂಡಳು. ಅವನು ಪಾದ ಮಾತ್ರ ಅದ್ದಬಹುದಿತ್ತು. ಅವನ ವಾರಿಗೆಯ ಮಕ್ಕಳು ಕಣ್ಣೆದುರಿಗೇ ನೀರೆರಚಾಡುತ್ತಿದ್ದರು.

“ಬುಡವ್ವ, ಅಲ್ಲೀಗಂಟ ಹೋಗ್ಬತ್ತೀನಿ,” ಅಂತ ಶಶಿ ಬೇಡಿದ. ಆಮೇಲೆ ಕೊಸರಾಡಿದ, ಆಮೇಲೆ ಅತ್ತ. ಅವನು ಎಳೆದಷ್ಟೂ ಅವಳ ಹಿಡಿತ ಬಿಗಿಯಾಯಿತು. ಪಕ್ಕದ ಮನೆಯ ಹೆಂಗಸು, “ಇದೇನು ಸೋಮಮ್ಮ, ಕರೂನ ಕಟ್ಟಾಕ್ದಂಗೆ ಕಟ್ಟಾಕಿದ್ದೀಯ,” ಅಂತ ನಕ್ಕಳು. ರಾಧಾ ದೂರದಲ್ಲಿ ಮರದ ಕೆಳಗೆ ಕೂತವಳು ಚಿತ್ರಾನ್ನ ಮುಟ್ಟಲಿಲ್ಲ. ಹೊತ್ತು ಇಳಿಯುವ ಮೊದಲೇ ಹೊರಟುಬಿಟ್ಟರು. ಕನಕರಾಜು ಮನೆಯ ಮುಂದೆ ಟೆಂಪೊ ನಿಲ್ಲಿಸಿದ ಮೇಲೆ ಕೇಳಿದ:

“ಇನ್ನೂ ಎಷ್ಟು ವರ್ಷ ಇಂಗೆ ಹಿಡ್ಕೊಂಡಿರ್ತೀಯ?”

ಮಾರನೆಯ ಬೆಳಿಗ್ಗೆ ಶಶಿಗೆ ಸ್ನಾನ ಮಾಡಿಸುವಾಗ ಅವನ ಮಣಿಕಟ್ಟಿನ ಸುತ್ತ ಕಪ್ಪಗೆ ಕಂದಿದ ಗುರುತು ಕಾಣಿಸಿತು. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. “ನೋಯ್ತದಾ?” ಅಂತ ಕೇಳಿದಳು. ಶಶಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ತಾಯಿ ಎಲ್ಲಿ ಮತ್ತೆ ಹಿಡಿದಾಳೋ ಎಂಬ ಭಯ ಅವನ ಕಣ್ಣಲ್ಲಿತ್ತು. ಸೋಮಮ್ಮ ಚೊಂಬು ಕೆಳಗಿಟ್ಟು ಬಚ್ಚಲಲ್ಲೇ ಕೂತುಬಿಟ್ಟಳು.

ಮಧ್ಯಾಹ್ನ ಮತ್ತೆ ದೊಡ್ಡತಾಯಮ್ಮನ ಜಗಲಿಗೆ ಹೋದಳು. ಕಂಬ ಹಿಡಿದು ನಿಂತಳು. ಮುದುಕಿಯೇ ಕೂರು ಅಂದಳು.

“ನಂಗೂ ಬತ್ತದಾ ದೊಡ್ಡವ್ವ, ಈ ವಯಸ್ಗೆ?”

“ಯಾವ್ದು?”

“ಈಜು.”

“ಹುಡ್ಗೀರು ಬೆಳಿಗ್ಗೆ ಬತ್ತವೆ. ನೀನು ಊಟದ್ ಹೊತ್ನಲ್ಲಿ ಬಾ. ಗಂಡಸ್ರು ಯಾರೂ ಇರಾಕಿಲ್ಲ.”

ವೀರಭದ್ರಸ್ವಾಮಿಯ ತೋಟದ ಬಾವಿ ಅಗಲವಾದದ್ದು. ಒಂದು ಬದಿಗೆ ನೀರಿನವರೆಗೂ ಕಲ್ಲಿನ ಮೆಟ್ಟಿಲು. ಮೊದಲ ದಿನ ಸೋಮಮ್ಮ ಮೇಲಿನ ಮೆಟ್ಟಿಲಲ್ಲಿ ಕೂತು ಎದ್ದು ಬಂದಳು. ಮರುದಿನ ಪಾದ ಇಳಿಬಿಟ್ಟಳು. ಅದಾದ ಮೇಲೆ ಒಂದು ದಿನ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಸಿಕೊಂಡು ಇಳಿದಳು. ಕಾಲಿನ ಕೆಳಗಿನ ಕಲ್ಲು ತಪ್ಪಿದ್ದೇ ತಡ, ಕ್ಯಾನು ಇದ್ದದ್ದನ್ನೂ ಮರೆತು ದೊಡ್ಡತಾಯಮ್ಮನ ಕತ್ತನ್ನು ಎರಡು ಕೈಯಿಂದ ತಬ್ಬಿ ಹಿಡಿದಳು. ಇಬ್ಬರೂ ಮುಳುಗಿದರು. ಮುದುಕಿ ಹೇಗೋ ಬಿಡಿಸಿಕೊಂಡು ಅವಳನ್ನು ಮೆಟ್ಟಿಲಿಗೆ ತಳ್ಳಿ, ಕೆನ್ನೆಗೆ ಒಂದು ಬಾರಿಸಿದಳು.

“ನನ್ನೂ ಸಾಯ್ಸ್‌ತಿದ್ದಲ್ಲೇ.”

ಸೋಮಮ್ಮ ಕೆಮ್ಮುತ್ತಾ ಅಳುತ್ತಾ, ಯಾರಿಗೂ ಹೇಳದ ಮಾತನ್ನು ಆಗ ಹೇಳಿದಳು. ದಡದಲ್ಲಿ ನಿಂತದ್ದು, ಸೀರೆ ಬೀಸಿದ್ದು, ಅದು ಮುಟ್ಟದೆ ಹೋದದ್ದು. ದೊಡ್ಡತಾಯಮ್ಮ ಒದ್ದೆ ಸೆರಗನ್ನು ಹಿಂಡುತ್ತಾ ಪೂರ್ತಿ ಕೇಳಿಸಿಕೊಂಡಳು. “ನಾಳಿಕ್ಕೂ ಬಾ,” ಅಂದಳು.

ಇತ್ತ ಊರಲ್ಲಿ ಬೇರೆಯೇ ಮಾತು ಹಬ್ಬುತ್ತಿತ್ತು. ತೋಟ ಕಾಯುವ ಕೆಂಪಯ್ಯ, ಸೋಮಮ್ಮ ಉರಿ ಬಿಸಿಲಲ್ಲಿ ಒಬ್ಬಳೇ ಬಾವಿಯ ದಾರಿ ಹಿಡಿದದ್ದನ್ನು ಎರಡು ಮೂರು ಸಲ ಕಂಡಿದ್ದ. ಮನೆಯಲ್ಲಿ ಜಗಳವಾಗಿದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಾವಿಗೆ ಹಾರಿಕೊಳ್ಳಲು ಹೋಗುತ್ತಿದ್ದಾಳೇನೋ ಎಂದು ಹೆದರಿ ಅವನು ಬಿಳಿಕೆರೆಗೆ ಸೈಕಲ್ ತುಳಿದ.

“ನಿನ್ ಹೆಂಡ್ತಿ ಬಾವಿ ಕಡೀಕ್ ಹೋಯ್ತಾವ್ಳೆ ಕಣ್ಲಾ ಕನಕ. ನಂಗ್ಯಾಕೋ ಸರಿ ಕಾಣ್ಲಿಲ್ಲ.”

ಕನಕರಾಜು ಅರ್ಧ ಇಳಿಸಿದ್ದ ಸಿಮೆಂಟ್ ಮೂಟೆಗಳ ಸಮೇತ ಟೆಂಪೊ ಓಡಿಸಿಕೊಂಡು ಬಂದ. ಮನೆ ಮುಂದೆ ಹಾಯುವಾಗ ರಾಧಾ ಕೂಡ ಹತ್ತಿಕೊಂಡಳು. ತೋಟದ ಬೇಲಿಯ ಹತ್ತಿರ ಇಳಿದು ಇಬ್ಬರೂ ಓಡಿದರು. ಬಾವಿಯ ಅಂಚಿಗೆ ಬಂದು ಬಗ್ಗಿದರೆ ಕೆಳಗೆ ಸೋಮಮ್ಮ ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕಾಲು ಬಡಿಯುತ್ತಿದ್ದಾಳೆ. ದೊಡ್ಡತಾಯಮ್ಮ ಒಂದು ಕೈಯಲ್ಲಿ ಅವಳ ಹೊಟ್ಟೆಗೆ ಆಸರೆ ಕೊಟ್ಟಿದ್ದಾಳೆ.

ಕನಕರಾಜು ಅಲ್ಲೇ ಮೆಟ್ಟಿಲ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಸೋಮಮ್ಮ ಕಣ್ಣು ಬಿಟ್ಟು ಮೇಲೆ ನೋಡಿದಳು.

“ಯಾಕೆ, ಏನಾಯ್ತು? ಶಶಿ ಎಲ್ಲಿ?”

“ಮನೇಲವ್ನೆ,” ಅಂದ ಕನಕರಾಜು ಟವೆಲಿನೊಳಗಿಂದಲೇ. “ನೀನು ಹೇಳಿ ಬರಾಕಾಗ್ತಿರ್ಲಿಲ್ವಾ?”

ರಾಧಾ ಅಪ್ಪನನ್ನು ದಾಟಿ ಮೆಟ್ಟಿಲಿಳಿದಳು. ಆಮೇಲೆ ಲಂಗ ಎತ್ತಿ ಕಟ್ಟಿ ನೀರಿಗಿಳಿದಳು. “ತಲೆ ಅಂಗೆ ಎತ್‌ಬ್ಯಾಡ ಅವ್ವ, ಮುಳುಗ್ತೀಯ. ಗದ್ದ ನೀರ್ ಮೇಲಿಡು,” ಅಂತ ತಾಯಿಯ ಗದ್ದಕ್ಕೆ ಅಂಗೈ ಕೊಟ್ಟಳು. ಅಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಚೆಲುವಮ್ಮನಿಗೆ ಇದು ಹಿಡಿಸಲಿಲ್ಲ. ಸೊಸೆ ಗಂಡಸರ ಹಾಗೆ ಬಾವಿಗೆ ಧುಮುಕುತ್ತಾಳೆಂದು ಮನೆಮನೆಗೆ ಹೋಗಿ ಹೇಳಿಕೊಂಡಳು. ಬೀದಿಯಲ್ಲಿ ಕೆಲವರು ಹಲ್ಲು ಕಿರಿದರು. ಸೋಮಮ್ಮ ಹೋಗುವುದನ್ನು ಬಿಡಲಿಲ್ಲ. ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ಕ್ಯಾನು ಇಲ್ಲದೆ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಹೋಗುವಷ್ಟು ಕಲಿತಳು. ಶಶಿಯೂ ಕಲಿತ. ಅವನು ಇಳಿದಾಗಲೆಲ್ಲ ಅವಳೂ ನೀರಿನಲ್ಲೇ ಇರುತ್ತಿದ್ದಳು.

ಮರುವರ್ಷ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಹೋದಾಗಲೆಲ್ಲ ಮನೆಯಿಂದ ಆಚೆ ಬಾರದವಳು ಆ ಸಲ ಹೊಳೆಗೆ ಹೊರಟು ನಿಂತಳು. ಅವಳ ತಾಯಿ ಪ್ರೇಮಮ್ಮ ಬಾಗಿಲಿಗೆ ಅಡ್ಡ ಕೈ ಇಟ್ಟಳು.

“ಒಬ್ಬನ್ನ ಕೊಟ್ಟಿದ್ದು ಸಾಕಾಗ್ನಿಲ್ವಾ?”

ಸೋಮಮ್ಮ ಆ ಕೈಯನ್ನು ಮೆಲ್ಲಗೆ ಸರಿಸಿ ಹೋದಳು. ಮಕ್ಕಳನ್ನು ದಡದಲ್ಲೇ ಕೂರಿಸಿ ತಾನು ಒಬ್ಬಳೇ ಇಳಿದಳು. ಬಾವಿಯ ನೀರು ನಿಂತ ನೀರು. ಇಲ್ಲಿ ಹರಿವು ಸೊಂಟಕ್ಕೆ ಬಂದಾಗಲೇ ಅವಳನ್ನು ಪಕ್ಕಕ್ಕೆ ನೂಕಿತು. ಅಣ್ಣನ ಕೈ ಕಂಡ ಕಡೆಗೆ ಕೈಕಾಲು ಬಡಿಯುತ್ತಾ ಹೊರಟಳು. ಅರ್ಧ ದೂರ ಹೋಗುವಷ್ಟರಲ್ಲಿ ಏದುಸಿರು ಹತ್ತಿತು, ಹರಿವು ಬೇರೆ ದಿಕ್ಕಿಗೆ ಎಳೆಯಿತು, ತಿರುಗಿ ಬರುವುದೇ ದೊಡ್ಡದಾಯಿತು. ದಡ ಹತ್ತಿ ಮರಳಿನ ಮೇಲೆ ಬೋರಲು ಬಿದ್ದಳು. ರಾಧಾ ಓಡಿ ಬಂದು ಬೆನ್ನು ನೀವಿದಳು.

ಅವತ್ತು ಈಜು ಬಂದಿದ್ದರೆ ಅಣ್ಣನನ್ನು ಉಳಿಸುತ್ತಿದ್ದೆ ಎಂದು ಅವಳು ಹದಿನೇಳು ವರ್ಷ ತನ್ನನ್ನು ತಾನು ಹಳಿದುಕೊಂಡಿದ್ದಳು. ಈಗ ಈಜು ಬಂದಿತ್ತು. ಅಲ್ಲಿಯವರೆಗೆ ಹೋಗಲಾಗಲಿಲ್ಲ. ಇದರಿಂದ ಮನಸ್ಸು ಹಗುರಾಯಿತೋ ಇನ್ನಷ್ಟು ಭಾರವಾಯಿತೋ ಎಂದು ಆಮೇಲೆ ಯಾರೋ ಕೇಳಿದಾಗ, “ಎರಡೂ ಆಯ್ತು ಕಣವ್ವ,” ಅಂದಿದ್ದಳು.

ದೊಡ್ಡತಾಯಮ್ಮ ಎರಡು ಸಾವಿರದ ನಾಲ್ಕರಲ್ಲಿ ತೀರಿಕೊಂಡಳು. ರಾಧಾಳನ್ನು ಪಿರಿಯಾಪಟ್ಟಣದ ಕಡೆ ಕೊಟ್ಟರು. ಆ ಊರಲ್ಲಿ ಹೊಳೆ ಇದೆಯೋ ಇಲ್ಲವೋ ಎಂದು ಸೋಮಮ್ಮ ಕೇಳಲಿಲ್ಲ. ಬೇಸಿಗೆ ಬಂದರೆ ಊರಿನ ಹುಡುಗಿಯರನ್ನು ಬಾವಿಗೆ ಕರೆದೊಯ್ಯುವುದು ಈಗ ಅವಳೇ. ಪ್ರತಿಯೊಬ್ಬಳೂ ನೀರಿನಿಂದ ಎದ್ದು ಮೆಟ್ಟಿಲಲ್ಲಿ ಕೂತಿದ್ದನ್ನು ನೋಡುವವರೆಗೆ ಯಾರ ಜೊತೆಗೂ ಮಾತಾಡುವುದಿಲ್ಲ. ಶಶಿ ಗೆಳೆಯರ ಜೊತೆ ಹೊಳೆಗೆ ಹೋದ ದಿನ ಅವಳು ಊಟಕ್ಕೆ ಕೂರುವುದಿಲ್ಲ. ಬೇಡ ಅಂತ ಮಾತ್ರ ಅನ್ನುವುದಿಲ್ಲ. ಜಗಲಿಯಲ್ಲಿ ಕೂತು, ಅವನು ಬರುವ ದಾರಿಯ ಕಡೆ ನೋಡುತ್ತಾ ಸೊಪ್ಪು ಸೋಸುತ್ತಿರುತ್ತಾಳೆ.