ಅಕ್ಕೋರ ಚೀಲದ ಕಲ್ಲು

ಬೇಸಿಗೆ ರಜೆಯಲ್ಲಿ ಶಿಕ್ಷಕರಿಗೆ ಕಲ್ಲು-ಮಣ್ಣಿನ ಪಾಠ ಹೇಳುವ ಶಿಬಿರ ಮುನವಳ್ಳಿಗೆ ಬಂದ ದಿನ, ಅಡುಗೆಗೆ ನಿಂತ ಬಸಲಿಂಗವ್ವ, ಶಿಬಿರಕ್ಕೆ ಬಂದ ಶಿಕ್ಷಕಿ ಶರ್ವರಿ ಅಕ್ಕೋರನ್ನು ಮೊದಲು ಕಂಡದ್ದು ಅವರು ಕಲ್ಲೊಂದನ್ನು ನೆಕ್ಕುತ್ತಿದ್ದಾಗ. "ಹಸಿವಿ ಆಗೇತೇನ್ರಿ ಅಕ್ಕೋರ? ರೊಟ್ಟಿ ತಯಾರ ಅದಾವು!" ಎಂದಳು. "ತೊಯ್ದ್ರ ಕಲ್ಲಿನ ಬಣ್ಣ ಛಲೋ ಕಾಣಸ್ತದರಿ ಯವ್ವಾ," ಎಂದು ಅಕ್ಕೋರು ನಕ್ಕರು. ಬೆಳಗಾದರೆ ನವಿಲುತೀರ್ಥದ ಗುಡ್ಡಕ್ಕೆ ಹೋಗುವರು, ಸಂಜೆಗೆ ಚೀಲದ ಭಾರಕ್ಕೆ ಬಾಗಿ ಬರುವರು. ತಲೆದಿಂಬಿನ ಕೆಳಗೆ ಕಲ್ಲು, ಸೆರಗಿನ ಗಂಟಿನಲ್ಲಿ ಕಲ್ಲು, ಬುತ್ತಿಯ ಡಬ್ಬಿ ತೆರೆದರೆ ಅಲ್ಲಿಯೂ ಕಲ್ಲು. ಎಲ್ಲವನ್ನೂ ತೊಳೆದು, ಕಟ್ಟೆಯ ಮೇಲೆ ಒಣಗಿಸಿ, ಬಿಳಿ ಬಣ್ಣದಲ್ಲಿ ನಂಬರು ಹಾಕಿ, ಸಿಕ್ಕ ಜಾಗ ಮತ್ತು ತಂದವರ ಹೆಸರಿನ ಚೀಟಿ ಅಂಟಿಸುವರು. ಕೊನೆಯ ದಿನ ಬಸಲಿಂಗವ್ವನ ಚಟ್ನಿ ಅರೆಯುವ ಗುಂಡುಕಲ್ಲು ಕಾಣಲಿಲ್ಲ. ಅಡುಗೆಗೆ ಎಲ್ಲಿಗೆ ಹೋದರೂ ಸೀರೆಯಲ್ಲಿ ಸುತ್ತಿ ಒಯ್ಯುತ್ತಿದ್ದ ಕಲ್ಲು ಅದು. ತೊಳೆದು ಅದೇ ಕಟ್ಟೆಯ ಮೇಲಿಟ್ಟದ್ದು ನೆನಪಾಗಿ, ಬಸ್ಸು ಹತ್ತುತ್ತಿದ್ದ ಅಕ್ಕೋರನ್ನು ಕೂಗಿದಳು. ಚೀಲ ಸುರಿದರೆ ಗುಂಡುಕಲ್ಲಿನ ಬೆನ್ನಿಗೂ ನಂಬರು! "ಅಯ್ಯ ದೇವರ, ನಿಮ್ಮ ಗುಂಡಕಲ್ಲೂ ಹೊತ್ಗೊಂಡು ಹೊಂಟಿದ್ನೆಲ್ರಿ! ಎಲ್ಲೀದರಿ ಇದು?" "ರಾಮದುರ್ಗದ ಗುಡ್ಡದ್ದರಿ. ಮದಿವಿ ಆದ ವರ್ಷ ನಮ್ಮ ಮನಿಯವ್ರು ಹೆಗಲ ಮ್ಯಾಲೆ ಹೊತ್ತು ತಂದಿದ್ರು. ಅವ್ರದಂತ ನನ್ನ ಹತ್ರ ಉಳದದ್ದು ಇದೊಂದ." ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅಕ್ಕೋರು ಕಲ್ಲನ್ನು ಅವಳ ಮಡಿಲಿಗಿಟ್ಟು, ಹೊಸ ಚೀಟಿಯೊಂದನ್ನು ತೆಗೆದು ರಾಮದುರ್ಗ ಎಂದು ಬರೆದು, ಪೆನ್ನು ಎತ್ತಿ ಹಿಡಿದು ಮೆಲ್ಲಗೆ ಕೇಳಿದರು: "ತಂದವರ ಹೆಸರೂ ಬರೀಬೇಕಲ್ರಿ. ಗಂಡನ ಹೆಸರ ಸುಮ್ನ ಹೇಳಂಗಿಲ್ಲ ನೀವು, ಗೊತ್ತದ. ಮದಿವ್ಯಾಗ ಹೆಸರ ಪದದಾಗ ಕೂಡ್ಸಿ ಒಡಪ ಹೇಳಿದ್ರೆಲ್ಲ, ಅದನ್ನ ಇನ್ನೊಮ್ಮೆ ಹೇಳ್ತೀರೇನು, ಯವ್ವಾ?"