ಬಾಗಿಲು ಮುಚ್ಚಿಸಿ ನೋಡುವ ಏಣಿ ಮೇಡಂ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಬೀದಿದೀಪ ಇನ್ನೂ ಆರಿಲ್ಲ. ಮುಂದೆ ಹೊಲಿಗೆ ಅಂಗಡಿ, ಹಿಂದೆ ಮನೆ ಇರುವ ಉದ್ದನೆಯ ಕಟ್ಟಡ. ಅದರ ಹಿತ್ತಿಲಲ್ಲಿ ಹೆಂಗಸೊಬ್ಬರು ಏಣಿಯ ಐದನೇ ಮೆಟ್ಟಿಲ ಮೇಲೆ ನಿಂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಗೋಡೆಯ ಕ್ಯಾಮೆರಾ ಬಿಚ್ಚುತ್ತಿದ್ದಾರೆ. ನನ್ನ ನಮಸ್ಕಾರಕ್ಕೆ ಹುಬ್ಬಿನಲ್ಲೇ ಉತ್ತರ. ಕೆಳಗಿಳಿದು ಸ್ಕ್ರೂ ಕೈಗೆ ತೆಗೆದುಕೊಂಡ ಮೇಲೆ ಆಡುವ ಮೊದಲ ಮಾತು: "ಪೇಪರಿನವರಾ? ಬಂದಿದ್ದು ಸಂತೋಷ. ಆದ್ರೆ ಒಂದು ಕಡೆ ಗಪ್‌ಚುಪ್ ಕೂತ್ಕೊಳ್ಳಿ. ಈ ಮನೆ ದಿನಾ ಹೇಗಿರುತ್ತೋ ಹಾಗೇ ಇರಬೇಕು."

ವಯಸ್ಸು ಐವತ್ತೆರಡು. ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಅವರು 'ಏಣಿ ಮೇಡಂ'. ಸ್ಕೂಟರಿಗೆ ಮಡಚುವ ಏಣಿ ಕಟ್ಟಿಕೊಂಡು ದಿನಕ್ಕೆ ಮೂವತ್ತು ಕಿಲೋಮೀಟರ್ ಸುತ್ತುತ್ತಾರೆ. ದಿನಕ್ಕೆ ಎರಡೇ ಮನೆ, ಮೂರನೆಯದನ್ನು ಯಾರು ಬೇಡಿಕೊಂಡರೂ ಒಪ್ಪುವುದಿಲ್ಲ. ಹತ್ತಿ ಇಳಿಯುವುದು ಇಪ್ಪತ್ತು ಸಲಕ್ಕೆ ಕಮ್ಮಿಯಿಲ್ಲ. ಮನೆಗಳಿಗೆ ತಂತಿಯಿಲ್ಲದ ಕಾವಲು ಕ್ಯಾಮೆರಾ ಹಾಕುವುದು ಅವರ ಕಸುಬು. ಕಳ್ಳರನ್ನು ಹಿಡಿದರೆ ಪೊಲೀಸರಿಗೆ ಹೆಸರು, ಹಿಡಿಯದಿದ್ದರೆ ಇವರಿಗೆ ಬೈಗುಳ.

ಹನ್ನೆರಡು ವರ್ಷದ ಹಿಂದೆ ಈ ಏಣಿ ಅವರ ಯಜಮಾನರದಾಗಿತ್ತು. ಅವರು ಕೇಬಲ್ ಟಿವಿ ಲೈನ್ ಎಳೆಯುತ್ತಿದ್ದವರು. ಒಂದು ದಿನ ತಾರಸಿಯಿಂದ ಜಾರಿ ಬಿದ್ದು ಬೆನ್ನು ಮುರಿಯಿತು. ಆಮೇಲೆ ಗಾಲಿಕುರ್ಚಿ. "ಏಣಿ ಹಿಡ್ಕೊಳ್ಳೋದು ಗೊತ್ತಿತ್ತು, ಹತ್ತೋದು ಗೊತ್ತಿರಲಿಲ್ಲ. ಮೊದಲ ವಾರ ಮೂರನೇ ಮೆಟ್ಟಿಲಲ್ಲೇ ಕಾಲು ನಡುಗ್ತಿತ್ತು. ಅವರು ಕೆಳಗಿಂದ 'ಕೆಳಗೆ ನೋಡಬೇಡ ಕಣೇ' ಅಂತ ಕೂಗೋರು. ಕೂಗಿದ್ರೆ ನೋಡದೆ ಇರೋಕಾಗುತ್ತಾ?" ಎಂದು ನಗುತ್ತಾರೆ. ಈಗಲೂ ಕೆಲವು ಮನೆಯವರು ಬಾಗಿಲು ತೆಗೆದು, ಗಂಡಸರು ಯಾರೂ ಬರಲಿಲ್ಲವೇ ಎಂದು ಅವರ ಬೆನ್ನ ಹಿಂದೆ ಇಣುಕುತ್ತಾರೆ. ಅದಕ್ಕೆ ಇವರ ಉತ್ತರ ಸಿದ್ಧವಾಗಿದೆ: "ಬಂದು ಹೋದ್ರಲ್ಲ. ಅವರು ಮಾಡಿಟ್ಟಿದ್ದನ್ನ ಸರಿಮಾಡೋಕೇ ನಾನು ಬಂದಿದ್ದು."

ಆದರೆ ಇಂದು ಸರಿಮಾಡಬೇಕಾಗಿರುವುದು ಅವರದೇ ತಪ್ಪನ್ನು. ಅದನ್ನು ಅವರು ಮುಚ್ಚಿಡುವುದಿಲ್ಲ.

ಈ ಮನೆಯಲ್ಲಿ ಇರುವುದು ಅಕ್ಕ ಮತ್ತು ತಂಗಿ. ಹೊಲಿಗೆ ಅಂಗಡಿ ತಂಗಿಯದು. ಅರವತ್ತೆಂಟರ ಅಕ್ಕ ಮೂವತ್ತೊಂದು ವರ್ಷ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿದವರು. ಅವರಿಗೀಗ ಮರೆವಿನ ಕಾಯಿಲೆ. ದಿನಾ ಐದೂ ಮುಕ್ಕಾಲಿಗೆ ಎದ್ದು, ತಲೆ ಬಾಚಿ, ಕೈಚೀಲ ಹಿಡಿದು, ಕಾರ್ಖಾನೆ ಬಸ್ಸಿಗೆಂದು ಹಿಂದಿನ ಗೇಟಿಗೆ ಹೋಗುತ್ತಾರೆ. ಬಸ್ಸು ನಿಂತು ಎಷ್ಟೋ ವರ್ಷವಾಯಿತು. ಗೇಟಿನಾಚೆ ಈಗಿರುವುದು ಲಾರಿಗಳು ಹಾರಿ ಬರುವ ಹೆದ್ದಾರಿ.

ಎಂಟು ತಿಂಗಳ ಹಿಂದೆ ಏಣಿ ಮೇಡಂ ಇಲ್ಲಿ ಮೂರು ಕ್ಯಾಮೆರಾ ಹಾಕಿದ್ದರು. ಇಂಥ ಕ್ಯಾಮೆರಾ ತಾನು ಕಂಡದ್ದನ್ನು ಬೇಸ್ ಸ್ಟೇಷನ್ ಎಂಬ ಪುಟ್ಟ ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ಅದನ್ನು ಫೋನಿಗೆ ಮುಟ್ಟಿಸುತ್ತದೆ. ಪೆಟ್ಟಿಗೆಯನ್ನು ಮುಂದಿನ ಅಂಗಡಿಯಲ್ಲಿಟ್ಟು, ಹಗಲು ಹನ್ನೊಂದಕ್ಕೆ ಪರೀಕ್ಷೆ ಮಾಡಿದಾಗ ಎಲ್ಲವೂ ಚೆನ್ನಾಗಿತ್ತು. ಗಿರಾಕಿಗಳು ಓಡಾಡುವ ಹೊತ್ತು, ಬಾಗಿಲೆಲ್ಲ ತೆರೆದಿದ್ದವು. ನಡುವಿನ ಬಾಗಿಲಿಗೆ ಕಬ್ಬಿಣದ ತಗಡು ಬಡಿದಿರುವುದು, ಮಲಗುವಾಗ ಅದನ್ನು ಮುಚ್ಚುವುದು, ಮುಚ್ಚಿದರೆ ಹಿಂದಿನ ಕ್ಯಾಮೆರಾದ ಸಿಗ್ನಲ್ ಅಲ್ಲೇ ಸಾಯುವುದು ಅವರ ತಲೆಗೆ ಹೊಳೆಯಲಿಲ್ಲ. ತಿಂಗಳ ಹಿಂದೆ, ಅಕ್ಕನಿಗೆ ಈ ಬಸ್ಸಿನ ಗುಂಗು ಹತ್ತಿದ ಮೊದಲ ಬೆಳಗ್ಗೆ, ಫೋನು ಕೂಗಲಿಲ್ಲ. ಅಕ್ಕ ಹೆದ್ದಾರಿಯ ನಡುವೆ ಕೈಚೀಲ ಹಿಡಿದು ನಿಂತಿದ್ದರು. ಲಾರಿ ಚಾಲಕನೊಬ್ಬ ಗಾಡಿ ನಿಲ್ಲಿಸಿ ಕೈಹಿಡಿದು ಕರೆತಂದ.

"ಆ ಸುದ್ದಿ ಕೇಳಿ ಎರಡು ದಿನ ಅನ್ನ ಇಳೀಲಿಲ್ಲ. ಮನೆ ಎಚ್ಚರ ಇದ್ದಾಗ ಪರೀಕ್ಷೆ ಮಾಡಿ, ಮಲಗಿದಾಗ ಕಾಯಿ ಅಂದ್ರೆ ಕ್ಯಾಮೆರಾ ಏನ್ ಮಾಡುತ್ತೆ?" ಅಂದಿನಿಂದ ಅವರದು ಹೊಸ ಕ್ರಮ. ತೊಂದರೆ ಯಾವ ಹೊತ್ತಿನದೋ ಅದೇ ಹೊತ್ತಿಗೆ ಹಾಜರ್. ಬಾಗಿಲೆಲ್ಲ ಮುಚ್ಚಿಸಿ, ಸಿಗ್ನಲ್ ಕೆಡಿಸಬಹುದಾದ ನೀರಿನ ಮೋಟಾರನ್ನೂ ಹಾಕಿಸಿ, ಮನೆಯವರನ್ನು ಹಾಸಿಗೆಗೆ ಕಳಿಸಿ ಪರೀಕ್ಷೆ ಮಾಡುತ್ತಾರೆ. ನಗುವವರು ನಗಲಿ.

ಅಕ್ಕನ ಕೋಣೆಗೆ ಹೊರಗಿನಿಂದ ಚಿಲಕ ಹಾಕು ಎಂದು ಬಂಧುಗಳದು ಒಂದೇ ಹಟ. ತಂಗಿ ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ. "ನನ್ನನ್ನ ಓದಿಸಿದ್ದೇ ಅವಳು. ಅವಳ ಕೋಣೆಗೆ ನಾನು ಚಿಲಕ ಹಾಕೋದಾ?" ಎನ್ನುತ್ತಾರೆ. ಆದರೂ ಇಂದು ಕ್ಯಾಮೆರಾ ಕೈಕೊಟ್ಟರೆ ಇಂದೇ ಚಿಲಕ ಎಂದು ಬಂಧುಗಳಿಗೆ ಮಾತು ಕೊಟ್ಟಾಗಿದೆ.

ತರಿಸಲು ತಿಂಗಳು ಹಿಡಿದ ಎರಡನೇ ಪೆಟ್ಟಿಗೆ ಇಂದು ಬಂದಿದೆ. ಅಂಗಡಿಯ ಇಂಟರ್ನೆಟ್ಟಿನಿಂದ ಗೋಡೆಯ ಮೇಲಂಚಿನಲ್ಲಿ ಕೇಬಲ್ ಎಳೆದು, ಅಡುಗೆಮನೆಯ ಅಟ್ಟಣಿಗೆಯಲ್ಲಿ, ಫ್ರಿಜ್ಜಿನಿಂದ ದೂರಕ್ಕೆ ಅದನ್ನು ಇಟ್ಟಿದ್ದಾರೆ. ಬಿಚ್ಚಿದ ಕ್ಯಾಮೆರಾವನ್ನು ಹಳೆಯ ಪೆಟ್ಟಿಗೆಯ ಲೆಕ್ಕದಿಂದ ತೆಗೆದು, ಹೊಸದರ ಹತ್ತಿರ ಹಿಡಿದು ಗುಂಡಿ ಒತ್ತುತ್ತಾರೆ. ನೀಲಿ ದೀಪ ಮಿನುಗುತ್ತದೆ. ಅದನ್ನು ಮತ್ತೆ ಗೋಡೆಗೇರಿಸಿ, ಬಾಗಿಲು ಮುಚ್ಚಿಸಿ, ತಾವೇ ಗೇಟಿನವರೆಗೆ ನಡೆದು ನೋಡುತ್ತಾರೆ.

ತಂಗಿಯ ಫೋನಿನಲ್ಲಿ ಚಿತ್ರ ಸ್ಪಷ್ಟವಾಗಿದೆ. ಆದರೆ ಫೋನು ಕೂಗುವುದಿಲ್ಲ. ಗಡಿಯಾರ ಐದು ಮೂವತ್ತೈದು ತೋರಿಸುತ್ತಿದೆ. ತಂಗಿಯ ಮುಖ ಸಪ್ಪಗಾಗುತ್ತದೆ.

ಏಣಿ ಮೇಡಂ ಹಣೆ ಚಚ್ಚಿಕೊಳ್ಳುತ್ತಾರೆ. ಯಾವ ಹೊತ್ತಿನಲ್ಲಿ ಫೋನು ಕೂಗಿಸಬೇಕೆಂದು ಹಳೆಯ ಪೆಟ್ಟಿಗೆಗೆ ಮಾತ್ರ ಹೇಳಿಟ್ಟಿದ್ದಾರೆ, ಹೊಸದಕ್ಕೆ ಬೇರೆಯಾಗಿ ಹೇಳಬೇಕು. "ಹೊಸಬನನ್ನ ಕೆಲಸಕ್ಕೆ ಕರೆದು, ಕೆಲಸ ಏನಂತಲೇ ಹೇಳದೆ ಕೂರಿಸಿದ್ದೀನಿ ನೋಡಿ!" ಬೆರಳು ಫೋನಿನ ಮೇಲೆ ಓಡುತ್ತದೆ. "ಹೋಗಿ ಮಲಗಿ ತಾಯಿ, ಎದ್ದು ಕೂತು ಕಾದ್ರೆ ಅದು ಪರೀಕ್ಷೆ ಅಲ್ಲ."

ಐದೂ ಮುಕ್ಕಾಲು. ಒಳಗೆ ಬಾಚಣಿಗೆಯ ಸದ್ದು. ಅಕ್ಕ ಹೊರಬಂದು ನಮ್ಮಿಬ್ಬರನ್ನೂ ದಾಟಿ ಹಿತ್ತಿಲಿಗೆ ನಡೆಯುತ್ತಾರೆ. ಮುಚ್ಚಿದ ತಗಡಿನ ಬಾಗಿಲ ಆಚೆ, ತಂಗಿಯ ಹಾಸಿಗೆಯ ಬಳಿ, ಫೋನು ಕೂಗುತ್ತದೆ. ಅಕ್ಕ ಗೇಟಿನ ಕೊಂಡಿಯೊಡನೆ ಒದ್ದಾಡುತ್ತಿರುವಾಗಲೇ ತಂಗಿ ಬರಿಗಾಲಲ್ಲಿ ಪಕ್ಕ ಬಂದು ನಿಂತಿದ್ದಾರೆ.

"ಅಕ್ಕಾ, ಇವತ್ತು ಫ್ಯಾಕ್ಟರಿಗೆ ರಜಾ ಕಣೇ."

"ನಿನ್ನೆನೇ ಹೇಳಬಾರದಿತ್ತಾ? ಸುಮ್ಮನೆ ತಲೆ ಬಾಚಿಕೊಂಡೆ," ಎಂದು ಗೊಣಗುತ್ತ ಅಕ್ಕ ಒಳಗೆ ಬರುತ್ತಾರೆ. ಏಣಿ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಎನ್ನುತ್ತಾರೆ. ನಾನು ನಂಬಿದಂತೆ ತಲೆಯಾಡಿಸುತ್ತೇನೆ.

ವಾರದ ನಂತರ ಅವರ ಮನೆಯಲ್ಲಿ ಕುಳಿತಿದ್ದೇನೆ. ಗಿರಾಕಿಗಳ ಫೋನೆಲ್ಲ ಯಜಮಾನರ ಪಾಲಿಗೆ. ದಿನಕ್ಕೆ ಹದಿನೈದು ಕರೆ, ಹದಿನೈದೂ ದೂರು. ಫೋನು ಬರುತ್ತದೆ. ಹೊಲಿಗೆ ಅಂಗಡಿಯ ತಂಗಿ. ಯಜಮಾನರು ದೂರಿನ ಪುಸ್ತಕ ತೆರೆದು ಪೆನ್ನು ಹಿಡಿಯುತ್ತಾರೆ. "ಹೇಳಿ, ಯಾವ ಕ್ಯಾಮೆರಾ ಕೈಕೊಡ್ತು?"

"ಯಾವುದೂ ಇಲ್ಲ ಅಣ್ಣ. ಒಂದು ವಾರದಿಂದ ಚೆನ್ನಾಗಿ ನಿದ್ದೆ ಮಾಡ್ತಿದ್ದೀನಿ. ಮೇಡಂಗೆ ಹೇಳೋಣ ಅಂತ ಮಾಡ್ದೆ, ಅಷ್ಟೇ."

ಫೋನಿಟ್ಟ ಮೇಲೂ ಯಜಮಾನರ ಪೆನ್ನು ಪುಸ್ತಕದ ಮೇಲೇ ಇದೆ. ದಿನಾಂಕ ಬರೆದಾಗಿದೆ, ಮುಂದೇನು ಬರೆಯುವುದೆಂದು ಅವರಿಗೆ ತೋಚುತ್ತಿಲ್ಲ. "ಕಂಪ್ಲೇಂಟ್ ಏನಂತ ಬರೀಲೇ?"

ಏಣಿ ಮೇಡಂ ಏಣಿಯ ಮೆಟ್ಟಿಲು ಒರೆಸುತ್ತಲೇ ಹೇಳುತ್ತಾರೆ:

"ಅಕ್ಕ ತಂಗಿ ಚೆನ್ನಾಗಿದ್ದಾರೆ ಅಂತ ಬರೀರಿ."